ಹದಿನಾಲ್ಕನೆಯ ಪ್ರಶ್ನೆ

ಮಾರ್ಚ್ 2, ಸೋಮವಾರ. ಸಂಜೆ 5.10

ಮಾನ್ಯ ಸಭಿಕರೇ, ಘನ ಅಧ್ಯಕ್ಷರೇ, ಹಿಂದಿನ ಸಾಲಿನಲ್ಲಿ ಆಗಲೇ ತೂಕಡಿಸುತ್ತಿರುವ ಮಹನೀಯರೇ! ಭ್ರಮೆ ತರಿಸುವ ಗುಳಿಗೆಯ ಕುರಿತು ಎರಡು ಮಾತಾಡಲು ಈ ಬಡ ಬಿ.ಎ. ಪದವೀಧರನನ್ನು ಕರೆದಿದ್ದೀರಿ. ಕರೆದಿಲ್ಲವೇ? ಇರಲಿ, ಬಂದುಬಿಟ್ಟಿದ್ದೇನೆ.

ನನ್ನ ಕೆಲಸ ಕೂರುವುದು. ಆಸ್ಪತ್ರೆಯ ಮೂರನೇ ಮಹಡಿ, ಪ್ರಯೋಗದ ಕೊಠಡಿ. ಯಾವ ಮಾತ್ರೆಗೂ ಜಗ್ಗದ ಖಿನ್ನತೆಯವರಿಗೆ ಅಣಬೆಯ ಸತ್ವದ ಕ್ಯಾಪ್ಸೂಲ್ ಕೊಡುತ್ತಾರೆ. ಆರು ಗಂಟೆ ಪಕ್ಕದಲ್ಲೊಬ್ಬ ಇರಬೇಕು. ಆಗಾಗ ನಾಡಿ, ಬಿ.ಪಿ., ಕಣ್ಣಪಾಪೆಯ ಅಗಲ ಬರೆಯಬೇಕು. ಮುಖ್ಯವಾಗಿ, ಅವರು ಆಡಿದ ಮಾತನ್ನು ಆಡಿದ ಹಾಗೇ ಬರೆಯಬೇಕು. ನನಗಿಂತ ಮೊದಲಿದ್ದವನು ಅಳು, ನಗು, ಕಿರುಚಾಟ ಎಲ್ಲಕ್ಕೂ ಇಂಗ್ಲಿಷಿನಲ್ಲಿ ‘ಪೇಷಂಟ್ ಆಂಕ್ಷಿಯಸ್’ ಎಂದು ಬರೆದು ಟೀ ಕುಡಿಯಲು ಹೋಗುತ್ತಿದ್ದನಂತೆ. ಕನ್ನಡ ಮೀಡಿಯಮ್ಮಿಗೂ ಒಂದು ಕಾಲ ಬಂತು.

ಇವತ್ತು ಬಸ್ ಡ್ರೈವರ್ ಒಬ್ಬರು. ನಲವತ್ತನೇ ನಿಮಿಷ: ಮೇಲಿಂದ ಮೇಲೆ ಆಕಳಿಕೆ, ವಾಕರಿಕೆ, ಕೈ ತಣ್ಣಗೆ. ನಾಡಿ 72 ಇದ್ದದ್ದು 98. ಪಾಪೆ ಕೋಟಿನ ಗುಂಡಿಯಷ್ಟು. ಒಂದೂವರೆ ಗಂಟೆಗೆ ಪಿಸುಗುಟ್ಟಿದರು: “ಗೋಡೆ ಉಸಿರಾಡ್ತಾ ಇದೆ ಸಾರ್. ನೀವೂ ಅದರ ಜೊತೆ ಉಸಿರಾಡಿ. ಇಲ್ದಿದ್ರೆ ಪಾಪ, ಅದಕ್ಕೆ ಬೇಜಾರಾಗತ್ತೆ.”

ಉಸಿರಾಡಿದೆ. ಸಂಬಳ ತಗೊಳ್ಳುವುದಿಲ್ಲವೇ?

ಆಮೇಲೆ ಫ್ಯಾನಿನ ಸದ್ದು ಹಸಿರಾಗಿ ಕಂಡಿತಂತೆ. ಒಂದು ಗಂಟೆ ಅತ್ತರು. ಐದು ನಿಮಿಷ ಕಳೆದರೆ ಐದು ವರ್ಷ ಆಯಿತೆಂದರು. ಆರನೇ ಗಂಟೆಗೆ ಎಲ್ಲ ಇಳಿದು, “ಬ್ರೆಡ್ ಇದ್ರೆ ಕೊಡಿ” ಎಂದರು.

ಗೋಡೆ ಉಸಿರಾಡಿತು, ಫ್ಯಾನು ಹಸುರಾಡಿತು,
ಬರೆವ ಕೈಯಲ್ಲಿ ಪೆನ್ನು ಬೆವರಾಡಿತು.

ಚಪ್ಪಾಳೆ ಬೇಡ. ಕೂತ್ಕೊಳ್ಳಿ.

ಮಾರ್ಚ್ 4, ಬುಧವಾರ. ಬೆಳಿಗ್ಗೆ 8

ಇದೇ ಪ್ರಯೋಗಕ್ಕೆ ಸೇರಲು ಗುಬ್ಬಿಯ ಫಾರಂ ತುಂಬಿದೆವು. ಗುಬ್ಬಿ ನನ್ನ ತಂಗಿ. ಮೂವತ್ತಾರು ವಯಸ್ಸು. ಬಟ್ಟೆ ಹೊಲಿಯುವವಳು — ಹೊಲಿಯುತ್ತಿದ್ದವಳು. ಎರಡು ವರ್ಷದಿಂದ ಮಂಚ ಬಿಟ್ಟು ಇಳಿದಿಲ್ಲ. ಮಿಷನ್ನಿನ ಮೇಲೆ ಧೂಳು. ಧೂಳಿನಲ್ಲಿ ಬೆರಳಾಡಿಸಿ ಪ್ರಾಸ ಬರೆದಿಟ್ಟರೆ ಮೊದಲೆಲ್ಲ ನಗುತ್ತಿದ್ದಳು. ಈಗ ಆ ಕಡೆ ತಿರುಗುವುದಿಲ್ಲ. ನಾಲ್ಕು ಥರದ ಮಾತ್ರೆ ಆಯಿತು. ಜನವರಿಯಲ್ಲಿ ಒಂದು ಬೆಳಿಗ್ಗೆ, ನಾನು ಶೂ ಹಾಕಿಕೊಳ್ಳುತ್ತಿರುವಾಗ, ಬಹಳ ನಿಧಾನವಾಗಿ ಕೇಳಿದಳು: “ಅಣ್ಣ, ನಾನಿಲ್ದಿದ್ರೆ ನಿಂಗೆ ಕೆಲ್ಸ ಕಮ್ಮಿ ಆಗತ್ತೆ ಅಲ್ವಾ?”

ಲೇಸು ಕಟ್ಟಲು ಆಗಲಿಲ್ಲ. ಅವತ್ತೇ ತೀರ್ಮಾನ ಮಾಡಿದೆ.

ಪ್ರಶ್ನೆ ಹದಿನಾಲ್ಕು: ತಂದೆ, ತಾಯಿ, ಒಡಹುಟ್ಟಿದವರಲ್ಲಿ ಯಾರಿಗಾದರೂ ಬುದ್ಧಿಭ್ರಮಣೆ ಆಗಿತ್ತೇ? ಹೋದ ತಿಂಗಳು ಒಬ್ಬ ಮೇಷ್ಟ್ರನ್ನು ಇದೇ ಪ್ರಶ್ನೆಯ ಮೇಲೆ ವಾಪಸ್ ಕಳಿಸಿದರು. ಡಾಕ್ಟರಮ್ಮ ಆಗ ನನಗೇ ವಿವರಿಸಿದ್ದರು: “ಅಂಥ ಮನೆಯವರಿಗೆ ಈ ಗುಳಿಗೆ ಕೊಡಬಾರದು ಕಣ್ರೀ. ಆರು ಗಂಟೇಲಿ ಇಳೀಬೇಕಾದ್ದು ಇಳಿಯದೇ ಇರಬಹುದು.”

ಗುಬ್ಬಿ ದಿಂಬಿಗೊರಗಿ ಕೇಳಿದಳು. “ನಮ್ಮನೇಲಿ ಯಾರಿಗಾದ್ರೂ ಇತ್ತಾ ಅಣ್ಣ?”

“ನಂಗೆ ಪ್ರಾಸದ ಹುಚ್ಚು. ಬರೀಲಾ?”

“ಥೂ.”

‘ಇಲ್ಲ’ ಎಂಬ ಚೌಕದಲ್ಲಿ ನಾನೇ ಟಿಕ್ ಹಾಕಿದೆ. ಸಭಿಕರೇ, ಮುಂದಿನ ಪ್ರಶ್ನೆಗೆ ಹೋಗೋಣ.

ಮಾರ್ಚ್ 11, ಬುಧವಾರ

9.20 — ನುಂಗಿದಳು. ಮನೆಯವರು ಪಕ್ಕದಲ್ಲಿ ಕೂರುವಂತಿಲ್ಲ ಎಂದು ನಿಯಮ. “ಅಣ್ಣ ಇಲ್ದಿದ್ರೆ ನುಂಗಲ್ಲ” ಎಂದು ಹಟ ಹಿಡಿದಳು. ಡಾಕ್ಟರಮ್ಮ ಒಪ್ಪಿ, ಹೆಡ್ ನರ್ಸನ್ನೂ ಕೂರಿಸಿದರು. ನಾಡಿ 70.

10.05 — ಆಕಳಿಕೆ. ಹೊಟ್ಟೆ ತೊಳಸುತ್ತದಂತೆ. ನಾಡಿ 91. ಪಾಪೆ ಅಗಲ.

10.50 — “ಎಲ್ಲಾ ಕಡೆ ಹೊಲಿಗೆ ಕಾಣ್ತಿದೆ ಅಣ್ಣ. ಗೋಡೆನೂ ಹೊಲಿದಿದ್ದಾರೆ. ನಿನ್ನ ಮುಖಾನೂ. ಕಿವಿ ಹತ್ರ ಒಂದು ದಾರ ಬಿಟ್ಟಿದೆ ನೋಡು.” ಕೈ ತಾನಾಗಿ ಕಿವಿಗೆ ಹೋಯಿತು. ಹೆಡ್ ನರ್ಸ್ ನಕ್ಕರು.

11.40 — ಬಿ.ಪಿ. 158. ನಡುಕ. ನನ್ನ ಮಣಿಕಟ್ಟು ಹಿಡಿದುಕೊಂಡಿದ್ದಾಳೆ, ಎಡಗೈಯಲ್ಲಿ ಬರೆಯುತ್ತಿದ್ದೇನೆ. “ನಾನು ಎಲ್ಲಿ ಮುಗೀತೀನಿ, ಮಂಚ ಎಲ್ಲಿ ಶುರುವಾಗತ್ತೆ? ಹೇಳೋ, ಹೇಳೋ!” ಇವಳು ನನ್ನನ್ನು ಹೋಗೋ ಬಾರೋ ಎಂದು ಕರೆದವಳಲ್ಲ. ಡಾಕ್ಟರಮ್ಮ ಬಾಗಿಲಲ್ಲಿ: “ತಡೀಬೇಡಿ. ಭಯ ಬಂದಿದ್ದು ಹಾಗೇ ದಾಟಿ ಹೋಗಲಿ.”

ಭಯ ಯಾರದು, ಬರೆಯಬೇಕೇ?

1.15 — ನಕ್ಕಳು. ಸಭಿಕರೇ! ಎರಡು ವರ್ಷದ ಮೇಲೆ. ಹಲ್ಲು ಕಾಣುವ ಹಾಗೆ.

3.30 — ಪಾಪೆ ಸಣ್ಣದಾಯಿತು. ನಾಡಿ 76. ಹಸಿವಂತೆ. ಇಳಿಯಿತು. ಇಳಿದೇ ಇಳಿಯಿತು. ಹದಿನಾಲ್ಕನೆಯ ಪ್ರಶ್ನೆಗೊಂದು ನಮಸ್ಕಾರ.

ಮಾರ್ಚ್ 12, ಗುರುವಾರ. ಬೆಳಿಗ್ಗೆ

ಎದ್ದು ನೋಡಿದರೆ ಗುಬ್ಬಿ ಮಿಷನ್ ಒರೆಸಿ ಎಣ್ಣೆ ಬಿಡುತ್ತಿದ್ದಾಳೆ. ಪೆಡಲ್ ಕಿರ್ರೆಂದಿತು. ಇಷ್ಟು ಇಂಪಾದ ಕಿರುಗುಟ್ಟುವಿಕೆ ಕೇಳಿದ್ದೇ ಇಲ್ಲ.

ಎದ್ದಳು ಗುಬ್ಬಿ, ಗೆದ್ದಳು ಗುಬ್ಬಿ,
ಅಣ್ಣನ ಎದೆಗೆ ಬಿದ್ದಳು ತಬ್ಬಿ.

ಎರಡನೇ ಸಾಲು ಸುಳ್ಳು. ತಬ್ಬಲಿಲ್ಲ. ಪ್ರಾಸಕ್ಕೆ ಬೇಕಿತ್ತು.

ಮಾರ್ಚ್ 14, ಶನಿವಾರ. ಮಧ್ಯಾಹ್ನ 2

ನನ್ನ ನೀಲಿ ಶರ್ಟಿನ ಅಂಚು ಬಿಚ್ಚುತ್ತಿದ್ದಾಳೆ. ಸಣ್ಣ ಕತ್ತರಿ, ಚುರುಕು ಬೆರಳು. “ಹಳೇ ಹೊಲಿಗೆ ಸರಿಯಿಲ್ಲ” ಎಂದಳು. ದರ್ಜಿಗೆ ದರ್ಜಿಯ ಕೈ ಮರಳಿತಲ್ಲ ಎಂದು ಖುಷಿಯಾಗಿ ಇನ್ನೂ ಮೂರು ಶರ್ಟು ತಂದು ಗುಡ್ಡೆ ಹಾಕಿದೆ.

ಡಾಕ್ಟರಮ್ಮನ ಫೋನು. “ನಿದ್ದೆ ಹೇಗೆ ಮಾಡ್ತಿದಾರೆ?”

“ಚೆನ್ನಾಗಿ ಮೇಡಂ.”

ಎರಡು ಗಂಟೆ ಮಲಗಿದರೆ ಹೆಚ್ಚು. ಆದರೆ ಎರಡು ವರ್ಷ ಮಲಗಿಯೇ ಇದ್ದಳಲ್ಲ… ಸಾಲ ತೀರಿಸುತ್ತಿರಬೇಕು.

ಮಾರ್ಚ್ 19, ಗುರುವಾರ. ಬೆಳಿಗ್ಗೆ 7

ನಾಲ್ಕು ದಿನ ಬರೆಯಲಿಲ್ಲ. ಬರೆದರೆ ಓದಬೇಕಾಗುತ್ತದೆ.

ಶರ್ಟುಗಳೆಲ್ಲ ಮುಗಿದವು. ಪರದೆ ಮುಗಿಯಿತು. ದಿಂಬಿನ ಚೀಲ, ಅವಳ ಲಂಗ, ನನ್ನ ಕೋಟಿನ ಒಳಪದರ. ಬಿಚ್ಚಿದ್ದಾಳೆ. ಒಂದನ್ನೂ ಹೊಲಿದಿಲ್ಲ. ಮಿಷನ್ನಿನಲ್ಲಿ ದಾರವನ್ನೇ ಪೋಣಿಸಿಲ್ಲ — ಇಷ್ಟು ದಿನ ಅದು ನನ್ನ ಕಣ್ಣಿಗೆ ಬೀಳಲಿಲ್ಲ. ನೆಲದ ತುಂಬ ದಾರದ ತುಣುಕು.

“ಯಾವಾಗ ಹೊಲೀತೀಯ ಗುಬ್ಬಿ? ನಾನು ಬನಿಯನ್ನಲ್ಲಿ ಕೆಲ್ಸಕ್ಕೆ ಹೋಗ್ಲಾ?”

ನಗಲಿಲ್ಲ. ನನ್ನ ಬಾಯಿಗೆ ಕೈ ಅಡ್ಡ ಇಟ್ಟಳು. ಕೈ ಸುಡುತ್ತಿತ್ತು. “ಮೆತ್ತಗೆ ಮಾತಾಡು. ಅಂಚಿನೊಳಗೆ ಚೀಟಿ ಇಟ್ಟು ಹೊಲಿದಿದ್ದಾರೆ. ನೀನು ಅದನ್ನೇ ಹಾಕ್ಕೊಂಡು ಊರೆಲ್ಲ ಓಡಾಡ್ತೀಯ. ಅವರಿಗೆ ಎಲ್ಲಾ ಗೊತ್ತಾಗ್ತಿದೆ.”

ಈ ಮಾತು ನಾನು ಮೊದಲೇ ಕೇಳಿದ್ದೇನೆ. ಹದಿನೈದು ವರ್ಷದವನಿದ್ದಾಗ. ನನ್ನ ಸ್ಕೂಲು ಶರ್ಟಿನ ಅಂಚು ಬಿಚ್ಚುತ್ತಾ ಕೂತಿದ್ದ ಇನ್ನೊಬ್ಬರ ಬಾಯಲ್ಲಿ. ಆಗ ಗುಬ್ಬಿಗೆ ಆರು. ಹೊರಗೆ ಆಡುತ್ತಿದ್ದಳು. ಅವಳಿಗೆ ಗೊತ್ತಿರಲು ಸಾಧ್ಯವೇ ಇಲ್ಲ. ಯಾರೂ ಹೇಳಿಕೊಟ್ಟಿಲ್ಲ.

ಸಭಿಕರೇ, ಇವತ್ತು ಪ್ರಾಸ ಇಲ್ಲ.

ಮಾರ್ಚ್ 20, ಶುಕ್ರವಾರ. ಬೆಳಿಗ್ಗೆ 10.40. ಆಸ್ಪತ್ರೆಯ ಕಾರಿಡಾರು

ಕರೆತಂದೆ. ಟ್ಯಾಕ್ಸಿಯ ಸೀಟಿನ ಹೊಲಿಗೆಗೂ ಕೈ ಹಾಕಿದಳು. ಡ್ರೈವರು, “ಏನಮ್ಮಾ, ಗಾಡೀನೇ ಬಿಚ್ಚಿಬಿಡ್ತೀರಾ?” ಎಂದ. ಅವನ ಜೇಬಿನ ಅಂಚನ್ನೇ ನೋಡುತ್ತಾ ಕೂತಳು.

ಡಾಕ್ಟರಮ್ಮ ಅರ್ಧ ಗಂಟೆ ಅವಳ ಜೊತೆ ಮಾತಾಡಿ ಹೊರಗೆ ಬಂದರು. ಕೈಯಲ್ಲಿ ಫಾರಂ. “ಒಂಬತ್ತು ದಿನ ಆಯ್ತು. ಗುಳಿಗೆ ಮೈಯಿಂದ ಯಾವತ್ತೋ ಹೋಗಿದೆ. ಇದು ಬೇರೆ ಏನೋ. ನಿಮ್ಮ ಮನೇಲಿ ಯಾರಿಗಾದ್ರೂ ಇತ್ತಾ? ಇಲ್ಲಿ ಇಲ್ಲ ಅಂತಿದೆ.”

ಫಾರಂ ತೆಗೆದುಕೊಂಡು ನನ್ನದೇ ಟಿಕ್ಕನ್ನು ನೋಡಿದೆ.

“ಇಲ್ಲ ಅಂದ್ರೆ ನಿದ್ದೆ ಮಾತ್ರೆ ಕೊಟ್ಟು ಎರಡು ದಿನ ನೋಡೋಣ. ಇತ್ತು ಅಂದ್ರೆ ಒಂದು ಗಂಟೆನೂ ಕಾಯೋ ಹಾಗಿಲ್ಲ, ಔಷಧಿನೇ ಬೇರೆ. ಸರಿಯಾಗಿ ನೆನಪು ಮಾಡ್ಕೊಂಡು ಹೇಳಿ.”

“ಮನೇಲಿ… ವಿಚಾರಿಸಿ ಹೇಳ್ತೀನಿ ಮೇಡಂ.”

ಯಾರನ್ನು ವಿಚಾರಿಸುವುದು? ಮನೆಯಲ್ಲಿ ಉಳಿದಿರುವುದು ನಾವಿಬ್ಬರೇ. ಒಬ್ಬಳು ಗಾಜಿನ ಆಚೆ ಇದ್ದಾಳೆ.

ಹೆಡ್ ನರ್ಸ್ ನೀರು ಕೊಟ್ಟರು. “ಯಾಕ್ರೀ ಹೀಗಾಗಿದೀರ? ಪಾಪೆ ನೋಡಿದ್ರೆ ನೀವೇ ಏನೋ ನುಂಗಿದ ಹಾಗಿದೆ.” ನನ್ನ ನಾಡಿ ನಾನೇ ಎಣಿಸಿದೆ. 112.

ಬಾಯಿ ತೆರೆದರೆ ಕೆಲಸ ಹೋಗುತ್ತದೆ. ಹೋಗಲಿ. ಆದರೆ ಗುಬ್ಬಿಗೂ ತಿಳಿಯುತ್ತದಲ್ಲ… ಮೂವತ್ತು ವರ್ಷ ಕಾಪಾಡಿಕೊಂಡು ಬಂದದ್ದು.

10.55

ಗುಬ್ಬಿ ಹೊದಿಕೆಯ ಅಂಚನ್ನು ಉಗುರಿನಲ್ಲಿ ಬಿಚ್ಚುತ್ತಿದ್ದಾಳೆ. ಉಗುರಿನ ಬುಡದಲ್ಲಿ ರಕ್ತ. ತಲೆ ಎತ್ತಿ ನನ್ನನ್ನು ನೋಡಿದಳು. ಕಿವಿಯ ಹತ್ತಿರ ಬೆರಳಿಟ್ಟು ತೋರಿಸುತ್ತಿದ್ದಾಳೆ — ದಾರ ಬಿಟ್ಟಿದೆ, ದಾರ ಬಿಟ್ಟಿದೆ.

ಸಭಿಕರು ಯಾರೂ ಇಲ್ಲ. ಯಾವತ್ತೂ ಇರಲಿಲ್ಲ.

ಡಾಕ್ಟರಮ್ಮ, ಬಾಯಿಂದ ಬರುತ್ತಿಲ್ಲ. ಈ ಪುಟ ತೆರೆದು ನಿಮ್ಮ ಮೇಜಿನ ಮೇಲೆ ಇಡುತ್ತೇನೆ, ಓದಿ. ನಮ್ಮಮ್ಮ ಜ್ವರದಿಂದ ಸಾಯಲಿಲ್ಲ. ಆರು ವರ್ಷ ಬೀಗ ಹಾಕಿದ ವಾರ್ಡಿನಲ್ಲಿದ್ದಳು, ಅಲ್ಲೇ ಹೋದಳು. ವಾರ್ಡಿಗೆ ಸೇರಿಸಿದ ದಿನವೇ, ಜ್ವರದಲ್ಲಿ ಹೋದಳು ಎಂದು ಗುಬ್ಬಿಗೆ ಹೇಳಿದವನು ನಾನು. ಚಿಕ್ಕವಳಿದ್ದಾಗ ಮೈ ಬಿಸಿಯಾದರೆ ಸಾಕು, “ಅಮ್ಮನ ಹಾಗೆ ಹೋಗ್ತೀನಾ ಅಣ್ಣ?” ಎಂದು ಕೇಳುತ್ತಿದ್ದಳು. ಆಗಲೂ ನಿಜ ಹೇಳಲಿಲ್ಲ. ಜನವರಿಯಲ್ಲಿ ಅವಳು ಕೇಳಿದ ಪ್ರಶ್ನೆಗೆ ಹೆದರಿದೆ. ನಿಮ್ಮ ಪ್ರಶ್ನೆಗೆ ಹೆದರಲಿಲ್ಲ.

ಹದಿನಾಲ್ಕು: ಹೌದು. ತಾಯಿಗೆ. ಇಂಥದ್ದೇ. ಅಂಚು ಬಿಚ್ಚುವುದರಿಂದಲೇ ಶುರು.

ಗುಬ್ಬಿಗೆ ಏನೂ ಗೊತ್ತಿರಲಿಲ್ಲ. ಎಲ್ಲ ಗೊತ್ತಿದ್ದೂ ಆ ಟಿಕ್ ಹಾಕಿದ್ದು ನಾನು.