ನಿವೇಶನ ಕೊಟ್ಟಿರಿ, ನೆರೆಯವರನ್ನು ಕೊಡಲಿಲ್ಲ

ನನ್ನ ನಿವೇಶನವನ್ನು ಹಿಂದಕ್ಕೆ ಪಡೆಯಲು ಹೊರಟಿರುವ ಕೈಗಾರಿಕಾ ಇಲಾಖೆಯ ಮಾನ್ಯ ಅಧಿಕಾರಿಗಳೇ,

ನಮ್ಮ ಜಿಲ್ಲೆಯ ಕೈಗಾರಿಕಾ ವಸಾಹತಿನಲ್ಲಿ ನನಗೆ ಕೊಟ್ಟಿದ್ದ ಜಾಗವನ್ನು, ಉತ್ಪಾದನೆ ನಿಲ್ಲಿಸಿದ ಕಾರಣಕ್ಕೆ ರದ್ದು ಮಾಡುವುದಾಗಿ ತಾವು ನೋಟಿಸು ಕಳಿಸಿದ್ದೀರಿ. ಅದು ಕೈ ಸೇರಿದಾಗ ನಾನು ಪುಣೆಯ ಭೋಸರಿಯಲ್ಲಿ ನನ್ನ ಲೇಥ್ ಶೆಡ್ಡಿನ ಬಾಗಿಲಲ್ಲಿ ನಿಂತಿದ್ದೆ. ಅದೇ ಓಣಿಯಲ್ಲಿರುವ ನನ್ನ ಚಿಕ್ಕಪ್ಪನ ಮಗ ಶಿವಪ್ರಕಾಶ ಕಂಪ್ಯೂಟರಿನಿಂದ ನಡೆಯುವ ಹೊಸ ಲೇಥ್ ಯಂತ್ರವನ್ನು ಕ್ರೇನಿನಿಂದ ಇಳಿಸಿಕೊಳ್ಳುತ್ತಿದ್ದ. ಮುಚ್ಚುಮರೆ ಏಕೆ? ಹೊಟ್ಟೆ ಉರಿಯಿತು. ಶಿವಪ್ರಕಾಶನ ಮೇಲೆ, ಭೋಸರಿಯ ಮೇಲೆ, ಇಡೀ ಪುಣೆಯ ಮೇಲೆ. ಆ ಉರಿಯಲ್ಲೇ ಬರೆಯುತ್ತಿದ್ದೇನೆ, ಸೌಜನ್ಯ ಕಡಿಮೆಯಾಗಿದ್ದರೆ ಮನ್ನಿಸಬೇಕು.

ಎರಡು ವರ್ಷದ ಹಿಂದೆ ತಾವೇ ಪುಣೆಗೆ ದಯಮಾಡಿಸಿದ್ದಿರಿ. ಕ್ಯಾಂಪ್ ಬಡಾವಣೆಯ ಹೋಟೆಲೊಂದರಲ್ಲಿ ಇಲ್ಲಿನ ಕನ್ನಡಿಗ ಉದ್ಯಮಿಗಳನ್ನೆಲ್ಲ ಕೂಡಿಸಿ ಜೋಳದ ರೊಟ್ಟಿ, ಎಣ್ಣೆಗಾಯಿ ಬಡಿಸಿ, ಆಮೇಲೆ ಮೈಕು ಹಿಡಿದಿರಿ. "ಎಷ್ಟ್ ದಿನಾ ಮಂದಿ ಊರು ಉದ್ಧಾರ ಮಾಡ್ತೀರ್ರಿ? ನಿಮ್ಮ ನೆಲಕ್ಕ ಬರ್ರಿ!" ಮನೆಯ ಹೊಸ್ತಿಲು ದಾಟಿದರೆ ದಿನವಿಡೀ ಮರಾಠಿಯಲ್ಲೇ ವ್ಯವಹರಿಸುವವನನ್ನು ಸರಕಾರವೇ ಅವನ ಊರಿನ ಮಾತಿನಲ್ಲಿ ಕರೆದರೆ ಏನಾಗುತ್ತದೆಂದು ತಮಗೆ ಚೆನ್ನಾಗಿ ಗೊತ್ತಿತ್ತು. ಕರಗಿಹೋದೆ. ನೀರಿದೆಯೇ, ಕರೆಂಟಿದೆಯೇ ಎಂದು ಕೇಳಿದೆ. ಎರಡೂ ಇದ್ದವು, ಸುಳ್ಳು ಹೇಳಲಾರೆ. ಪಕ್ಕದಲ್ಲಿ ಯಾರಿದ್ದಾರೆ ಎಂದು ಮಾತ್ರ ಕೇಳಲಿಲ್ಲ.

ಭೋಸರಿಯಲ್ಲಿ ಒಂದು ಉಕ್ಕಿನ ಪಿನ್ನು ಹೇಗೆ ತಯಾರಾಗುತ್ತದೆಂದು ತಾವು ಎಂದಾದರೂ ನೋಡಿದ್ದೀರಾ? ನನ್ನ ಲೇಥಿನಲ್ಲಿ ಕಡೆದದ್ದು, ಉಕ್ಕನ್ನು ಕಾಯಿಸಿ ಗಟ್ಟಿ ಮಾಡುವ ಎದುರಿನ ಸುಲಭಾತಾಯಿಯ ಫರ್ನೇಸಿಗೆ ಹೋಗುತ್ತದೆ. ಅಲ್ಲಿಂದ ಹಿಂದಿನ ಓಣಿಗೆ ಗ್ರೈಂಡಿಂಗಿಗೆ, ಅದರ ಆಚೆ ಓಣಿಗೆ ತುಕ್ಕು ತಡೆಯುವ ಲೇಪದ ಪ್ಲೇಟಿಂಗಿಗೆ, ಆಮೇಲೆ ಟೆಂಪೊ ಹತ್ತಿ ಚಾಕಣದ ದೊಡ್ಡ ವಾಹನ ಕಾರ್ಖಾನೆಗೆ. ಗಟ್ಟಿಯಾಗುವಾಗ ಪಿನ್ನು ಬಾಗಿತೋ, ಬಾಗಿಲಲ್ಲಿ ನಿಂತೇ ಮರಾಠಿಯಲ್ಲಿ ಒಂದು ಕೂಗು ಹಾಕುತ್ತೇನೆ. ಸುಲಭಾತಾಯಿಯೂ ಅಲ್ಲಿಂದಲೇ ನನ್ನನ್ನು ಬೈಯುತ್ತಾಳೆ. ಬೈಗುಳ ಮುಗಿಯುವಷ್ಟರಲ್ಲಿ ಕೆಲಸ ಸರಿಹೋಗಿರುತ್ತದೆ.

ಇನ್ನು ತಮ್ಮ ವಸಾಹತು. ಹೋದ ವರ್ಷ ಖಂಡೆ ನವಮಿಗೆ ಅಲ್ಲಿ ನನ್ನ ಎರಡನೇ ಲೇಥನ್ನು ಕೂಡಿಸಿ ಪೂಜೆ ಮಾಡಿದೆ. ಮರುದಿನ ದಸರೆ. ಭೋಸರಿಯಲ್ಲಾದರೆ ಅಂದು ಶೆಡ್ಡಿನಿಂದ ಶೆಡ್ಡಿಗೆ ಹೋಗಿ ಬನ್ನಿ ಕೊಟ್ಟು, ಬನ್ನಿ ತಗೊಂಡು ಬರುವಷ್ಟರಲ್ಲಿ ದೀಪಾವಳಿಯ ತನಕದ ಕೆಲಸ ಕುದುರಿರುತ್ತದೆ. ವಸಾಹತಿನಲ್ಲಿ ಬನ್ನಿ ಹಿಡಿದು ಹೊರಗೆ ಬಂದರೆ ಜಾಲಿಗಿಡ, ಗಡಿಗಲ್ಲು ನೆಟ್ಟ ಖಾಲಿ ನಿವೇಶನಗಳು, ಗೇಟಿನಲ್ಲಿ ಒಬ್ಬ ಕಾವಲುಗಾರ. ಆತನಿಗೇ ಕೊಟ್ಟೆ. ಪಾಪ, ಕಣ್ಣಿಗೆ ಒತ್ತಿಕೊಂಡು, "ನೀವು ಬಂದೀರಂತ ಕೇಳಿ ಇನ್ನ ಯಾರರೆ ಬರ್ತಾರೇನ್ರಿ, ಸಾವ್ಕಾರ್ರ?" ಎಂದ. ಈ ಪ್ರಶ್ನೆಗೆ ಉತ್ತರ ಕೊಡಬೇಕಾದವರು ನಾನೋ, ತಾವೋ?

ಅಲ್ಲಿ ಕಡೆದ ಪಿನ್ನುಗಳನ್ನು ಗೋಣಿಚೀಲದಲ್ಲಿ ಕಟ್ಟಿ ಬಸ್ಸಿಗೆ ಹಾಕಬೇಕು, ಪುಣೆಯ ಸ್ವಾರಗೇಟ್ ನಿಲ್ದಾಣದಲ್ಲಿ ಇಳಿಸಿಕೊಂಡು ರಿಕ್ಷಾದಲ್ಲಿ ಸುಲಭಾತಾಯಿಗೆ ಮುಟ್ಟಿಸಬೇಕು. ಬಾಗಿದವು ಮತ್ತೆ ಬಸ್ಸು ಹತ್ತಿ ಊರಿಗೆ. ನನ್ನ ಹೆಂಡತಿಗಿಂತ ಹೆಚ್ಚು ಸಲ ಆ ಪಿನ್ನುಗಳು ಊರು ನೋಡಿದವು. ಕೊನೆಗೆ ಚಾಕಣದವರು ಬೇಸತ್ತು ಆ ಕೆಲಸವನ್ನು ಶಿವಪ್ರಕಾಶನಿಗೆ ಕೊಟ್ಟರು, ಊರಿನ ನನ್ನ ಲೇಥ್ ನಿಂತಿತು. ಆ ಕೆಲಸಕ್ಕೆಂದೇ ಬಂತು ಅವನ ಹೊಸ ಯಂತ್ರ. "ಅಣ್ಣಾ, ನೀ ಊರಿಗೆ ನಡದೀ ಅಂತ ತಿಳದು ತಗೊಂಡೆ, ಸಿಟ್ಟಾಗಬ್ಯಾಡ" ಎಂದು ಪೇಢೆ ಕೊಟ್ಟು ಹೋದ. ಅದನ್ನು ಶೆಡ್ಡಿನ ಹುಡುಗರಿಗೆ ಹಂಚಿಬಿಟ್ಟೆ.

ಹಾಗಿದ್ದರೆ ನಿವೇಶನ ಬಿಟ್ಟುಕೊಡಿ ಎನ್ನುತ್ತೀರಿ. ಬಿಡುವುದಿಲ್ಲ. ನಮ್ಮ ಓಣಿಯ ಶೆಡ್ಡುಗಳಲ್ಲಿ ದುಡಿಯುವವರಲ್ಲಿ ಎಷ್ಟೋ ಜನ ನಮ್ಮ ಜಿಲ್ಲೆಯವರೇ. ಇಲ್ಲಿ ಇಷ್ಟೆಲ್ಲ ಮಾಡುವ ಕೈಗಳು ಊರಿನಲ್ಲಿ ಏಕೆ ಸೋಲಬೇಕು? ಉತ್ತರ ನನ್ನ ಹೆಂಡತಿ ಕಾಶವ್ವನಿಗೆ ಗೊತ್ತಿದೆ. "ಸುಲಭಾತಾಯಿ ಎರಡನೇ ಫರ್ನೇಸ್ ಹಾಕಿದ್ದು ತಡಕೊಳ್ಳಾಕ ಆಗದನ ಅಲ್ಲೇನ್ರಿ ನೀವು ಎರಡನೇ ಲೇಥ್ ತಂದಿದ್ದು? ಅಲ್ಲಿ ಯಾರನ್ನ ನೋಡಿ ಹೊಟ್ಟಿಕಿಚ್ಚ ಪಡ್ತೀರಿ, ಜಾಲಿಗಿಡಾನ?" ತಮ್ಮ ಮೂಲಸೌಕರ್ಯಗಳ ಪಟ್ಟಿಯಲ್ಲಿ ರಸ್ತೆ, ನೀರು, ವಿದ್ಯುತ್ ಎಲ್ಲ ಇವೆ. ಹೊಟ್ಟೆಕಿಚ್ಚನ್ನು ಸೇರಿಸುವುದು ಮರೆತಿದ್ದೀರಿ.

ಆದ್ದರಿಂದ ನನ್ನ ಬೇಡಿಕೆ ಇಷ್ಟು. ನನ್ನ ನಿವೇಶನಕ್ಕೆ ಕೈ ಹಾಕುವ ಮುಂಚೆ, ಬೆಲೆ ಏರಲಿ ಎಂದು ಸುತ್ತಲ ಜಾಗಗಳನ್ನು ಹಿಡಿದು ಕೂತವರಿಂದ ಅವನ್ನು ಬಿಡಿಸಿ. ಫರ್ನೇಸಿನವರು, ಗ್ರೈಂಡಿಂಗಿನವರು, ಪ್ಲೇಟಿಂಗಿನವರು ಒಟ್ಟಿಗೆ ಬರುವಂತೆ ಕೊಡಿ. ನನ್ನ ಎದುರಿನ ಜಾಗವನ್ನು ಶಿವಪ್ರಕಾಶನಿಗೇ ಕೊಡಿ, ನಾನೇ ಅವನ ಕೈ ಹಿಡಿದು ತಮ್ಮ ಮುಂದೆ ತಂದು ನಿಲ್ಲಿಸುತ್ತೇನೆ. ನನಗಿಂತ ಎತ್ತರದ ಶೆಡ್ಡು ಕಟ್ಟಲಿ, ನನಗಿಂತ ದೊಡ್ಡ ಯಂತ್ರ ತರಲಿ. ಬೆಳಗ್ಗೆ ಬಾಗಿಲು ತೆಗೆದು ಅದನ್ನು ನೋಡಿ ನಾನು ಸಂಕಟಪಡಬೇಕು. ಒಮ್ಮೆಯಾದರೂ ಆ ಸಂಕಟವನ್ನು ನನ್ನ ಊರಿನಲ್ಲೇ ಪಡಬೇಕು.

ಇಂತಿ,
ತಮ್ಮ ಕಡತದಲ್ಲಿ ನಿಷ್ಕ್ರಿಯನಾಗಿರುವ, ಇಲ್ಲಿ ಊಟಕ್ಕೂ ಪುರುಸೊತ್ತಿಲ್ಲದ
ಸಿದ್ರಾಮಪ್ಪ
ಭೋಸರಿ, ಪುಣೆ, ೨೦೦೬