ಮಂಡಿಗೆ ನನ್ನ ಹೆಸರು

ಸಂಪಿಗೆ, ಭಾನುವಾರ

ಮಾವನವರಿಗೆ ನಮಸ್ಕಾರ.

ಅಪ್ಪನ ಮನೆಗೆ ಬಂದು ಸೇರಿದೆ. ಅತ್ತೆಯವರ ಬಿ.ಪಿ. ಮಾತ್ರೆ ದೇವರ ಗೂಡಿನಲ್ಲಿದೆ. ಅಟ್ಟದ ಮೂಲೆಯ ಕಾಯಿ ಒಣಗಿವೆ, ಅಲ್ಲಾಡಿಸಿದರೆ ಒಳಗೆ ಕೊಬ್ಬರಿ ಸದ್ದು ಮಾಡುತ್ತೆ. ಸುಲಿಸಿಬಿಡಿ.

ತಿಪಟೂರಿನ ವಕೀಲರು ಫೋನ್ ಮಾಡಿದ್ದರು. ಮಂಡಿ ತೆರಿಗೆ ಕಟ್ಟಿಲ್ಲ ಅನ್ನೋ ಇನ್‌ಕಮ್ ಟ್ಯಾಕ್ಸ್ ಕೇಸಲ್ಲಿ ನನಗಾಗಿರೋ ಜೈಲು ಶಿಕ್ಷೆ ಮೇಲೆ, ಜಾಮೀನು ಮುಗಿಯೋದರೊಳಗೆ ಅಪೀಲು ಹಾಕ್ತಾರಂತೆ. ಕೊಬ್ಬರಿ ಮಂಡಿಗೆ ನನ್ನ ಹೆಸರಿದ್ದದ್ದು ಅಷ್ಟೇ, ವ್ಯಾಪಾರವೆಲ್ಲ ನೀವು, ನಿಮ್ಮ ಮಗ ಮಾಡಿದ್ದು ಅಂತ ನಾನು ಬರೆದುಕೊಡಬೇಕಂತೆ. ಗುರುವಾರ ನಮ್ಮಿಬ್ಬರನ್ನೂ ಆಫೀಸಿಗೆ ಕರೆದಿದ್ದಾರೆ, ಅವತ್ತು ಹೇಳ್ತೀನಿ ಅಂದೆ.

ಹಿರಿಸೊಸೆ ಹೆಸರಿಟ್ಟರೆ ಮಂಡಿ ಏಳಿಗೆ ಆಗುತ್ತೆ ಅಂದಿರಿ. ಕಾಗದಪತ್ರ ಅಡುಗೆಮನೆಗೇ ಬರ್ತಿತ್ತು, ಕೈ ಒರೆಸಿಕೊಂಡು ಸೈನ್ ಹಾಕ್ತಿದ್ದೆ. ಮನೆ ಹೆಂಗಸರು ಮಂಡಿ ಹೊಸ್ತಿಲು ತುಳಿಯಬಾರದು ಅಂತಲೂ ನೀವೇ ಅಂದದ್ದು. ತುಳಿದಿಲ್ಲ. ಬಸ್ಸಿನಲ್ಲಿ ಹೋಗುವಾಗ ಬೋರ್ಡು ಮಾತ್ರ ನೋಡಿದ್ದೇನೆ. ನನ್ನ ಹೆಸರಿಗೆ ಹಸಿರು ಬಣ್ಣ ಬಳಿಸಿದ್ದೀರಿ.

ಗುರುವಾರ ವಕೀಲರ ಹತ್ತಿರ ಬರುವಾಗ ಮಂಡಿಯ ಬೀಗದ ಕೈ ತನ್ನಿ. ಜೈಲಿಗೆ ಹೋಗೋದೇ ಆದರೆ ಯಾವ ಅಂಗಡಿಗೋಸ್ಕರ ಹೋಗ್ತಿದ್ದೀನಿ ಅಂತ ಒಂದ್ಸಲ ಒಳಗೆ ನಿಂತು ನೋಡಬೇಕು. ವಕೀಲರಿಗೆ ಉತ್ತರ ಆಮೇಲೆ ಹೇಳ್ತೀನಿ.

ನಿಮ್ಮ ಹಿರಿಸೊಸೆ,
ಸರ್ವಮಂಗಳ