ಅಣ್ಣನ ಲ್ಯಾಪ್‌ಟಾಪಿಗೆ ಹೊಸ ಪೇಸ್ಟ್

ಪುಟ್ಟೀ,

ಡ್ಯೂಟಿಗೆ ಹೊರಟೆ. ಅಣ್ಣನ ಲ್ಯಾಪ್‌ಟಾಪ್ ಬಿಚ್ಚಿ ಮೇಜಿನ ಮೇಲಿಟ್ಟಿದ್ದೀನಿ, ಸ್ಕ್ರೂಗಳು ಟೀ ಸಾಸರಲ್ಲಿವೆ.

ಚಿಪ್ಪಿನ ಬಿಸಿ ಎಳೆಯೋಕೆ ಹಚ್ಚೋ ಥರ್ಮಲ್ ಪೇಸ್ಟ್ ಗಟ್ಟಿ ಇರೋದೇ ತಂದಿದ್ದೀನಿ. ನೀರಾಗಿರೋದು ಗೇಮ್ ಆಡೋ ಬಿಸಿಗೆ ಚಿಪ್ ಬಿಟ್ಟು ಜಾರುತ್ತಂತೆ. ತೆಳ್ಳಗೆ ಹಚ್ಚು. ಅವನ ಥರ ಬ್ರೆಡ್ಡಿಗೆ ಬೆಣ್ಣೆ ಮೆತ್ತಿದ ಹಾಗೆ ಬೆರಳಲ್ಲಿ ಮೆತ್ತಬೇಡ. ಎಷ್ಟು ಬೈದರೂ ಕೇಳ್ತಿರಲಿಲ್ಲ, ಕತ್ತೆ.

ಮೊದಲು ಹಳೇದನ್ನ ಸ್ಪಿರಿಟ್ ಹಾಕಿ ಒರೆಸಬೇಕು. ನಾನು ಒಂದು ಗಂಟೆ ಬಟ್ಟೆ ಹಿಡ್ಕೊಂಡು ಕೂತಿದ್ದೆ, ಕೈಯೇ ಏಳಲಿಲ್ಲ. ಹಳೇ ಪೇಸ್ಟಿನ ಅಂಚಲ್ಲಿ ಅವನ ಹೆಬ್ಬೆರಳಿನ ಗುರುತು ಗೆರೆಗೆರೆಯಾಗಿ ಹಾಗೇ ಒಣಗಿದೆ. ಅವನು ಹೋಗಿ ನಾಲ್ಕು ತಿಂಗಳಾಯ್ತು.

ಆಸ್ಪತ್ರೆಯಲ್ಲಿ ‘ಅದು ಪುಟ್ಟಿಗೆ’ ಅಂದಿದ್ದ. ಹೀಗೇ ಬಿಟ್ರೆ ಸುಟ್ಟುಹೋಗುತ್ತೆ. ನೀನೇ ಒರೆಸು.

ಒರೆಸಿದ ಬಟ್ಟೆ ಮಾತ್ರ ಒಗೆಯೋಕೆ ಹಾಕಬೇಡ.

ಅಕ್ಕ